ಸೊಸೆ ಬಿಟ್ಟುಹೋದ ಕ್ಯಾಮೆರಾ

ಕೊಂಢವಾ, ಪುಣೆ
೧೭ ಜನವರಿ ೨೦೨೪

ಸುರಭಿ,

ಲಕೋಟೆಯ ಮೇಲಿನ ಅಕ್ಷರ ನೋಡಿದೊಡನೆ ಇದು ಯಾರ ಪತ್ರ ಎಂದು ನಿನಗೆ ತಿಳಿದಿರುತ್ತದೆ. ಹರಿಯುವ ಮೊದಲು ಒಂದು ಸಲ ಓದು.

ಸಂಕ್ರಾಂತಿಯ ದಿನ ನಿನಗೆ ಮೂರು ಸಲ ಫೋನ್ ಹಚ್ಚಿದೆ. ಆ ನಂಬರು ಈಗ ಇಲ್ಲವೆಂದು ಒಬ್ಬ ಹೆಂಗಸು ಮರಾಠಿಯಲ್ಲಿ ಹೇಳಿದಳು. ನಿನ್ನ ತವರಿನ ವಿಳಾಸ ಹಳೆಯ ಲಗ್ನಪತ್ರಿಕೆಯಲ್ಲಿ ಸಿಕ್ಕಿತು. ನೀನು ಶರ್ವರಿಯನ್ನು ಕರೆದುಕೊಂಡು ಈ ಮನೆಯಿಂದ ಹೋಗಿ ಎರಡು ತಿಂಗಳು ಮೇಲಾಯಿತು. ಮೊಮ್ಮಗಳಿಗೆಂದು ಕುಸುರೆಳ್ಳು ಮಾಡಿದ್ದೆ, ಇದರ ಜೊತೆ ಕಳಿಸುತ್ತಿದ್ದೇನೆ. ಈ ಸಲ ಪಾಕ ಸ್ವಲ್ಪ ಕೆಟ್ಟಿದೆ. ಮುಳ್ಳು ಸರಿಯಾಗಿ ಎದ್ದಿಲ್ಲ.

ಹಬ್ಬಕ್ಕೆ ನಿನ್ನ ಕಪಾಟು ಒರೆಸುವಾಗ ಚಾದರಗಳ ಹಿಂದೆ ಕಾಲುಚೀಲದೊಳಗೆ ನಿನ್ನ ಕ್ಯಾಮೆರಾ ಇತ್ತು. ನೀನು ಹಳೆ ಸಾಮಾನಿನ ಜುನಾ ಬಾಜಾರಿನಿಂದ ಒಂದು ಭಾನುವಾರ ತಂದದ್ದು, ಬೆಳ್ಳಿ ಬಣ್ಣದ್ದು, ಅಂಗೈಯಷ್ಟೇ ಇರುವುದು. ಅವತ್ತು ವಿನೀತ, “ಫೋನಿನಾಗ ಇದಕ್ಕಿಂತ ಚಲೋ ಬರತಾವ. ಈ ಡಬ್ಬಿ ಯಾಕ?” ಎಂದಿದ್ದ. “ಇದರಾಗ ಯಾರ ಫೋನೂ ಬರಂಗಿಲ್ಲ. ಯಾರೂ ತಗದು ಓದಂಗಿಲ್ಲ,” ಎಂದಿದ್ದೆ ನೀನು. ನಾನು ಚೇಷ್ಟೆಯ ಮಾತೆಂದು ನಕ್ಕೆ. ನೀನು ನಕ್ಕಿರಲಿಲ್ಲ.

ಪಾರ್ಸೆಲ್ ಮಾಡಿ ಕಳಿಸಲೇನು? ಕ್ಯಾಮೆರಾ ಸಿಕ್ಕದ್ದನ್ನು, ಮಗನಾದರೂ, ವಿನೀತನಿಗೆ ಹೇಳಿಲ್ಲ.

ಅತ್ತೆ ಎಂದು ಬರೆಯಲೋ ಬೇಡವೋ ತಿಳಿಯದೆ,
ನರ್ಮದಾ


ಧಾರವಾಡ
೯ ಫೆಬ್ರುವರಿ ೨೦೨೪

ಅತ್ತೆಯವರಿಗೆ,

ಕುಸುರೆಳ್ಳು ಮುಟ್ಟಿತು. ಶರ್ವರಿ ಒಂದೇ ದಿನಕ್ಕೆ ಮುಗಿಸಿದಳು. ಅವಳನ್ನು ಇಲ್ಲಿಯ ಶಾಲೆಗೆ ಸೇರಿಸಿದ್ದೇನೆ. ನಾನೂ ಅದೇ ಶಾಲೆಯಲ್ಲಿ ಪಾಠ ಮಾಡುತ್ತಿದ್ದೇನೆ.

ಕ್ಯಾಮೆರಾ ಕಳಿಸಬೇಡಿ. ನನಗೆ ಅದು ಬೇಡ. ನಿಮಗೆ ಬೇಕಾದರೆ ಬಳಸಿ. ಅದರಲ್ಲಿರುವ ಫೋಟೋಗಳನ್ನು ನೋಡಬೇಕೆನಿಸಿದರೆ ನೋಡಿ, ಇಲ್ಲದಿದ್ದರೆ ಇಲ್ಲ.

ಹೊಸ ನಂಬರು ಕೊಡುವುದಿಲ್ಲ. ನಿಮ್ಮ ಫೋನನ್ನೂ ಅವರು ತೆಗೆದು ನೋಡುತ್ತಾರೆಂದು ನನಗೆ ಗೊತ್ತಿದೆ. ಬರೆಯುವುದಿದ್ದರೆ ಶರ್ವರಿಗಾಗಿ ಬರೆಯಿರಿ. ಅವರ ಸುದ್ದಿ ಬೇಡ.

ಸುರಭಿ


ಕೊಂಢವಾ
೨೨ ಮಾರ್ಚ್ ೨೦೨೪

ಸುರಭಿ,

ನಿನ್ನ ಪತ್ರ ಪುಣ್ಯಕ್ಕೆ ಮಧ್ಯಾಹ್ನ, ವಿನೀತ ಇಲ್ಲದಾಗ ಬಂತು, ನನ್ನ ಕೈಗೇ ಸಿಕ್ಕಿತು. ಇನ್ನು ಮುಂದೆ ಭುಜಂಗರ ಅಂಗಡಿಯ ವಿಳಾಸಕ್ಕೆ ಬರೆ, ಲಕೋಟೆಯ ಹಿಂದೆ ಕೊಟ್ಟಿದ್ದೇನೆ. ನಮ್ಮ ಓಣಿಯ ತುದಿಯಲ್ಲಿ ಝೆರಾಕ್ಸ್ ಮತ್ತು ಫೋಟೋ ಪ್ರಿಂಟಿನ ಅಂಗಡಿ ಇಟ್ಟವರು. ಅಥಣಿ ಕಡೆಯವರು. ಕ್ಯಾಮೆರಾ ತೆಗೆದುಕೊಂಡು ಹೋದರೆ ಚಾರ್ಜರ್ ಹುಡುಕಿ ಕೊಟ್ಟರು, ಕಲಿಸಿಯೂ ಕೊಟ್ಟರು.

“ಅಕ್ಕಾರ, ಮದಲ ಗುಂಡಿ ಅರ್ಧ ಒತ್ರಿ. ಹಸರ ಚೌಕ ಬಂತಿಲ್ಲೋ, ಆಮ್ಯಾಲೆ ಪೂರ್ತಿ ಒತ್ರಿ. ಅಲ್ಲೀತನಕ ಉಸಿರು ಬಿಡಬ್ಯಾಡ್ರಿ.”

ಮೊದಲ ವಾರ ನನ್ನ ಬೆರಳೇ ಬಂತು, ಎಲ್ಲ ಫೋಟೋದಲ್ಲೂ. ಈಗ ದಿನಕ್ಕೆ ಒಂದು ತೆಗೆಯುತ್ತೇನೆ. ಒಂದೇ. ಅದಕ್ಕಾಗಿ ದಿನವಿಡೀ ನೋಡುತ್ತ ತಿರುಗುತ್ತೇನೆ. ಹಾಲು ತರಲು ಹೋದರೂ ಸೆರಗಿನ ಗಂಟಿನಲ್ಲಿ ಕ್ಯಾಮೆರಾ ಇರುತ್ತದೆ. ಈ ಓಣಿಯಲ್ಲಿ ಹತ್ತೊಂಬತ್ತು ವರ್ಷ ಕಳೆದಿದ್ದೇನೆ. ಎದುರು ಕಟ್ಟಡದ ಮೂರನೆಯ ಮಹಡಿಯ ಮುದುಕ ದಿನಾ ಹತ್ತು ಗಂಟೆಗೆ ತನ್ನ ಹೆಂಡತಿಯ ಹೆರಳು ಹಾಕುತ್ತಾನೆಂದು ಮೊನ್ನೆ ತಿಳಿಯಿತು. ಅದನ್ನು ತೆಗೆಯಲಿಲ್ಲ. ಅದು ತೆಗೆಯುವಂಥದ್ದಲ್ಲ ಎನಿಸಿತು.

ಹೋದ ವಾರ ಮಾರ್ಕೆಟ್ ಯಾರ್ಡಿಗೆ ಹೋದೆ. ನಿನ್ನ ಮಾವ ಅಲ್ಲಿ ಬೆಲ್ಲದ ವ್ಯಾಪಾರಿಯ ಬಳಿ ಮೂವತ್ತು ವರ್ಷ ಗುಮಾಸ್ತಿಕೆ ಮಾಡಿದರು. ನಾನು ಒಂದು ದಿನವೂ ಒಳಗೆ ಕಾಲಿಟ್ಟವಳಲ್ಲ. ಕ್ಯಾಮೆರಾ ತೆಗೆದಾಗ ಹಮಾಲರು ಮೂಟೆ ಇಳಿಸಿ ನಿಂತರು. “ಮಾವಶಿ, ಆಮ್ಚಾ ಪಣ್ ಏಕ್ ಕಾಢಾ,” ನಮ್ಮದೂ ಒಂದು ತೆಗೆಯಿರಿ ಎಂದರು. ಒಬ್ಬ ಅಂಗಿಯ ಕಾಲರು ಸರಿಮಾಡಿಕೊಂಡ. ಫೋನ್ ಹಿಡಿದಿದ್ದರೆ ಯಾರೂ ಇತ್ತ ತಿರುಗುತ್ತಿರಲಿಲ್ಲ.

ಶರ್ವರಿಗೆ ಮೂರು ಪ್ರಿಂಟು ಇಟ್ಟಿದ್ದೇನೆ. ಹಮಾಲರು, ಕಬ್ಬಿನ ಹಾಲಿನ ಗಾಣ, ಗೋಡೆಯ ಮೇಲಿನ ಕರಿ ಬೆಕ್ಕು. ಫೋಟೋದಲ್ಲಿ ಬೆಕ್ಕಿನ ತಲೆ ತುಂಡಾಗಿದೆ, ಬೆಕ್ಕು ಗಟ್ಟಿಮುಟ್ಟಾಗಿದೆಯೆಂದು ಹೇಳು.

ನಿನ್ನ ಹಳೆಯ ಕಾರ್ಡನ್ನು ಭುಜಂಗರು ಬೇರೆ ತೆಗೆದಿಟ್ಟು ಹೊಸದು ಹಾಕಿಕೊಟ್ಟಿದ್ದಾರೆ. “ನಾನೂರಾ ಹನ್ನೆರಡು ಅದಾವ್ರಿ ಅಕ್ಕಾರ, ನೋಡ್ತೀರೇನು?” ಎಂದರು. ಈಗ ಬ್ಯಾಡ್ರಿ ಎಂದೆ.

ನರ್ಮದಾ


ಧಾರವಾಡ
೨೦ ಏಪ್ರಿಲ್ ೨೦೨೪

ಅತ್ತೆಯವರಿಗೆ,

ತಲೆ ಇಲ್ಲದ ಬೆಕ್ಕನ್ನು ಶರ್ವರಿ ತನ್ನ ದಿಂಬಿನ ಪಕ್ಕದ ಗೋಡೆಗೆ ಅಂಟಿಸಿದ್ದಾಳೆ. ಅದಕ್ಕೊಂದು ತಲೆ ಬರೆದು ಕೂಡಿಸಿದ್ದಾಳೆ. “ಅಜ್ಜಿ ಯಾವ ಫೋಟೋದಾಗೂ ಯಾಕಿಲ್ಲ?” ಎಂದು ಕೇಳಿದಳು. ತೆಗೆಯುವವರು ಫೋಟೋದಲ್ಲಿ ಇರುವುದಿಲ್ಲ ಎಂದೆ. ಹಾಗಾದರೆ ಕನ್ನಡಿಯಲ್ಲಿ ತೆಗೆಯಲು ಹೇಳು ಎನ್ನುತ್ತಾಳೆ.

ಬಿಸಿಲಿನಲ್ಲಿ ಪರದೆ ಕಾಣದಿದ್ದರೆ ಸೆರಗು ಮರೆಮಾಡಿ ನೋಡಿ. ನಾನು ಹಾಗೆಯೇ ಮಾಡುತ್ತಿದ್ದೆ.

ಬುಧವಾರ ನನಗೆ ಪುಣೆಯ ಕೌಟುಂಬಿಕ ನ್ಯಾಯಾಲಯದಿಂದ ನೋಟಿಸು ಬಂದಿದೆ. ಅವರು ವಿಚ್ಛೇದನ ಕೇಳಿದ್ದಾರೆ, ಅದಕ್ಕೆ ನನ್ನ ತಕರಾರಿಲ್ಲ. ಮಗಳನ್ನೂ ಕೇಳಿದ್ದಾರೆ. ನಾನು ದಿನವೆಲ್ಲ ಕ್ಯಾಮೆರಾ ಹಿಡಿದು ಅಲೆಯುತ್ತಿದ್ದೆನಂತೆ, ಮಗುವನ್ನು ನೋಡಿಕೊಳ್ಳುತ್ತಿರಲಿಲ್ಲವಂತೆ. ನಿಮಗೆ ಇದು ಗೊತ್ತೇ ಇರಬಹುದು. ಗೊತ್ತಿಲ್ಲದಿದ್ದರೆ ಗೊತ್ತಿರಲಿ ಎಂದು ಬರೆದೆ.

ಸುರಭಿ


ಕೊಂಢವಾ
೧೨ ಮೇ ೨೦೨೪

ಸುರಭಿ,

ನೋಟಿಸಿನ ವಿಷಯ ನನಗೆ ಗೊತ್ತಿರಲಿಲ್ಲ. ವಿನೀತನನ್ನು ಕೇಳಿದರೆ, “ನೀ ಅದರಾಗ ಬೀಳಬ್ಯಾಡ ಅವ್ವಾ,” ಎಂದ. ನಾನು ಎಲ್ಲದಕ್ಕೂ ದೂರವೇ ನಿಂತವಳು ತಾನೇ.

ಕನ್ನಡಿಯಲ್ಲಿ ತೆಗೆದೆ. ಫ್ಲ್ಯಾಶ್ ಹೊತ್ತಿ ಮುಖದ ಜಾಗದಲ್ಲಿ ಬರೀ ಬೆಳಕು ಬಂದಿದೆ. ಅದನ್ನೇ ಕಳಿಸುತ್ತಿದ್ದೇನೆ.

ನಿನ್ನೆ ಭುಜಂಗರ ಅಂಗಡಿಯಲ್ಲಿ ಕೂತು ನಿನ್ನ ಹಳೆಯ ಕಾರ್ಡು ನೋಡಿದೆ. ಅವರು ಕಂಪ್ಯೂಟರಿಗೆ ಹಚ್ಚಿಕೊಟ್ಟು ಹೊರಗೆ ಹೋಗಿ ನಿಂತರು. ನಾನೂರ ಹನ್ನೆರಡೂ ನೋಡಿದೆ, ಎರಡು ತಾಸು ಹಿಡಿಯಿತು. ಶರ್ವರಿಯ ಬೂಟು, ಗ್ಯಾಲರಿಯಲ್ಲಿ ಒಣಗಿದ ಶಾಲೆಯ ಅಂಗಿ, ಹೆಚ್ಚಿಟ್ಟ ಬದನೆಕಾಯಿ, ಬಸ್ಸಿನ ಕಿಟಕಿ. ದಿನಕ್ಕೊಂದು, ಮೂಲೆಯಲ್ಲಿ ಕಿತ್ತಳೆ ಬಣ್ಣದ ತಾರೀಖು. ಮಗುವನ್ನು ನೋಡಿಕೊಳ್ಳದವಳು ಮಗುವಿನ ಹಲ್ಲುನೋವಿನ ಕೆನ್ನೆಯನ್ನು ಐದು ದಿನ ಸಾಲಾಗಿ ತೆಗೆಯುತ್ತಾಳೆಯೇ?

ನಾನೂ ಇದ್ದೇನೆ. ಶರ್ವರಿಗೆ ಹೇಳು, ಅಜ್ಜಿ ಫೋಟೋದಲ್ಲಿ ಇದ್ದಾಳೆ. ಎಣಿಸಿದೆ, ಮೂವತ್ತೊಂದು ಕಡೆ ಇದ್ದೇನೆ. ಎಲ್ಲದರಲ್ಲೂ ನನ್ನ ಬೆನ್ನೇ ಇದೆ. ಒಲೆಯ ಕಡೆ, ದೇವರ ಕಡೆ, ಟಿವಿಯ ಕಡೆ ಮುಖ ಮಾಡಿದ ಬೆನ್ನು. ಮೊದಲು ನನಗೆ ಸಿಟ್ಟು ಬಂತು. ಕದ್ದು ತೆಗೆದಳಲ್ಲ ಎಂದು. ಆಮೇಲೆ ೯ ಆಗಸ್ಟ್ ೨೦೨೩ರ ಫೋಟೋ ಬಂತು.

ನೆಲದ ಮೇಲೆ ಊಟದ ಡಬ್ಬಿ ಬಿದ್ದಿದೆ, ಅನ್ನ ಚೆಲ್ಲಿದೆ. ಅದರಾಚೆ ನಾನು ಒಲೆಯ ಮುಂದೆ ನಿಂತಿದ್ದೇನೆ. ಆ ದಿನ ವಿನೀತ ನಿನ್ನ ಕೆನ್ನೆಗೆ ಹೊಡೆದ. ಅಡುಗೆಮನೆಯಲ್ಲಿಯೇ, ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿ. ಸದ್ದು ನನಗೆ ಕೇಳಿತು. ಅದು ಮೊದಲನೆಯದಲ್ಲ ಎಂಬುದೂ ಗೊತ್ತಿತ್ತು. ಒಲೆಯ ಮೇಲೆ ಹಾಲಿತ್ತು, ಉಕ್ಕುತ್ತಿತ್ತು, ಅದಕ್ಕೇ ತಿರುಗಲಾಗಲಿಲ್ಲ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೆ. ಎಷ್ಟು ಸಲ ಹೇಳಿಕೊಂಡಿದ್ದೆನೆಂದರೆ, ಹಾಲಿನ ವಾಸನೆಯೂ ನೆನಪಿತ್ತು.

ಫೋಟೋದಲ್ಲಿ ಒಲೆ ಹೊತ್ತಿಲ್ಲ ಸುರಭಿ. ಒಲೆಯ ಮೇಲೆ ಪಾತ್ರೆಯೇ ಇಲ್ಲ.

ಭುಜಂಗರು ಬಂದು, “ಅಕ್ಕಾರ, ಚಹಾ ತರಸ್ಲೇನ್ರಿ?” ಎಂದರು.

ನರ್ಮದಾ


ಧಾರವಾಡ
೬ ಜೂನ್ ೨೦೨೪

ಅತ್ತೆಯವರಿಗೆ,

ನಿಮ್ಮ ಪತ್ರವನ್ನು ಶಾಲೆಯ ಚೀಲದಲ್ಲಿ ಇಟ್ಟುಕೊಂಡು ಇಪ್ಪತ್ತು ದಿನ ತಿರುಗಿದೆ. ನಿಮ್ಮನ್ನು ಸಮಾಧಾನ ಮಾಡುವ ಮಾತು ಹುಡುಕುತ್ತಿದ್ದೇನೆ ಎಂದು ಅರಿವಾದಾಗ ನನ್ನ ಮೇಲೆಯೇ ಸಿಟ್ಟು ಬಂತು. ಆ ಮಾತು ಬರೆಯುವುದಿಲ್ಲ.

ಸಾಕ್ಷಿಗೆಂದು ನಾನು ಆ ಫೋಟೋಗಳನ್ನು ತೆಗೆಯಲಿಲ್ಲ. ಆ ಕ್ಯಾಮೆರಾ ಒತ್ತಿದ ಕೂಡಲೇ ತೆರೆಯುವುದಿಲ್ಲ, ನಿಮಗೂ ಈಗ ಗೊತ್ತು. ಗುರ್ ಎಂದು ಲೆನ್ಸ್ ಹೊರಗೆ ಬರಬೇಕು, ಮುಚ್ಚಳ ಸರಿಯಬೇಕು, ಅಷ್ಟು ಹೊತ್ತು ಹಿಡಿಯುತ್ತದೆ. ಆ ಸದ್ದು ನಿಮಗೆ ಕೇಳುತ್ತಿತ್ತು. ಅಷ್ಟರೊಳಗೆ ತಿರುಗುತ್ತೀರಿ, ತಿರುಗಿದರೆ ನನ್ನ ಮುಖ ನೋಡುತ್ತೀರಿ ಎಂದುಕೊಳ್ಳುತ್ತಿದ್ದೆ. ಮೂವತ್ತೊಂದು ಸಲ ಎಂದು ನನಗೆ ಗೊತ್ತಿರಲಿಲ್ಲ. ನಾನು ಎಣಿಸಿರಲಿಲ್ಲ.

ಶರ್ವರಿಗೆ ಬೆಳಕಿನ ಅಜ್ಜಿ ಇಷ್ಟವಾಗಿದ್ದಾಳೆ.

ಸುರಭಿ


ಕೊಂಢವಾ
೧೫ ಜುಲೈ ೨೦೨೪

ಸುರಭಿ,

ನಿನ್ನೆ ಭಾನುವಾರ ವಿನೀತ ಊಟವಾದ ಮೇಲೆ ಕಾಗದ ತಂದು ನನ್ನ ಮುಂದೆ ಇಟ್ಟ.

“ಅವ್ವಾ, ಇಲ್ಲೊಂದ್ ಸಹಿ ಮಾಡು.”

“ಏನದ ಇದರಾಗ?”

“ವಕೀಲರು ಬರದಾರ. ನೀ ಓದೂದೇನ್ ಅದ?”

“ಮರಾಠಿ ಓದಾಕ ನನಗ ಬರತದಪ. ನಿನಗ ಕಲಿಸಿದಾಕಿ ನಾನ.”

ಓದಿದೆ. ನನ್ನ ಸಮಕ್ಷಮದಲ್ಲಿ ಎಂದೂ ಜಗಳವಾಗಿಲ್ಲ, ನನ್ನ ಮಗ ಎಂದೂ ಕೈ ಎತ್ತಿಲ್ಲ, ಸೊಸೆಗೆ ಮಗುವಿನ ಮೇಲೆ ಲಕ್ಷ್ಯವಿರಲಿಲ್ಲ, ಎಂದು ನಾನು ಪ್ರಮಾಣ ಮಾಡಿ ಹೇಳುತ್ತೇನಂತೆ. ಪೆನ್ನಿನ ಮುಚ್ಚಳ ಹಾಕಿ ಅವನ ಕೈಗೆ ಕೊಟ್ಟೆ.

“ಇದು ಖರೇ ಅಲ್ಲ ವಿನೀತ.”

“ಖರೇ ಸುಳ್ಳು ಕೋರ್ಟು ನೋಡತದ. ನೀ ನನ್ನ ಅವ್ವ ಹೌದಲ್ಲೋ?”

“ಹೌದು. ಅದಕ್ಕ ಆವತ್ತ ನಿನ್ನ ಕೈ ಹಿಡೀಬೇಕಿತ್ತು. ಹಿಡೀಲಿಲ್ಲ.”

ಅವನು ಬಾಗಿಲು ಬಡಿದು ಹೋಗಲಿಲ್ಲ. ಬಡಿದಿದ್ದರೆ ನನಗೆ ಸುಲಭವಾಗುತ್ತಿತ್ತು. ಕಾಗದ ಮಡಿಸಿ, ಸಣ್ಣವನಿದ್ದಾಗ ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದರೆ ಕೂಡುತ್ತಿದ್ದ ಹಾಗೆ ಗೋಡೆಗೆ ಬೆನ್ನು ಹಚ್ಚಿ ಕೂತ. ಆದರೂ ಸಹಿ ಮಾಡಲಿಲ್ಲ.

ನಿನ್ನ ವಕೀಲರಿಗೆ ಹೇಳು, ಸಾಕ್ಷಿಗಳ ಪಟ್ಟಿಯಲ್ಲಿ ನನ್ನ ಹೆಸರು ಬರೆಯಲಿ. ನಾನು ಬರುತ್ತೇನೆ.

ನರ್ಮದಾ


ಧಾರವಾಡ
೨ ಆಗಸ್ಟ್ ೨೦೨೪

ಅತ್ತೆಯವರಿಗೆ,

ನೀವು ಬರುವುದು ಬೇಡ.

ಕೋರ್ಟಿನಿಂದ ಹೊರಬಿದ್ದ ಮೇಲೆ ಎಲ್ಲಿಗೆ ಹೋಗುತ್ತೀರಿ? ಅದು ಅವರ ಮನೆ. ಇಲ್ಲಿಗೆ ಬನ್ನಿ ಎಂದು ನಾನು ಕರೆಯಲಾರೆ. ನಿಮ್ಮ ಹೆಸರು ಎತ್ತಿದರೆ ನಮ್ಮವ್ವ ಎದ್ದು ಒಳಗೆ ಹೋಗುತ್ತಾಳೆ. ಅವಳದು ತಪ್ಪು ಎಂದು ನನಗೂ ಅನಿಸುವುದಿಲ್ಲ. ಕರೆಯಲಾಗದಿದ್ದ ಮೇಲೆ ನಿಮ್ಮಿಂದ ಇಷ್ಟು ದೊಡ್ಡದನ್ನು ಪಡೆಯುವುದು ನನಗೆ ಸರಿ ಕಾಣುವುದಿಲ್ಲ.

ವಕೀಲರಿಗೆ ಆ ಒಂದು ಫೋಟೋ ಸಾಕೇನೋ ಕೇಳುತ್ತೇನೆ.

ಸುರಭಿ


ಕೊಂಢವಾ
೧೯ ಆಗಸ್ಟ್ ೨೦೨೪

ಸುರಭಿ,

ಫೋಟೋ ಸಾಕಾಗುವುದಿಲ್ಲ. ಅದರಲ್ಲಿ ಸದ್ದಿಲ್ಲ. ಆ ಸದ್ದು ಕೇಳಿದವಳು ನಾನೊಬ್ಬಳೇ.

ನಿನ್ನಿಂದ ಏನೂ ಬೇಡ. ಹೆಸರು ಬರೆಸು.

ನರ್ಮದಾ


ಚಿಂಚವಾಡ
೨೪ ನವೆಂಬರ್ ೨೦೨೪

ಸುರಭಿ,

ನ್ಯಾಯಾಲಯದಲ್ಲಿ ನೀನು ಕೊನೆಯ ಬೆಂಚಿನಲ್ಲಿ ಕೂತಿದ್ದೆ. ನಾವು ಮಾತಾಡಲಿಲ್ಲ. ನಾನು ಹೇಳಿದ್ದನ್ನು ನೀನು ಕೇಳಿದ್ದರೂ, ನನಗೆ ಹೇಗಾಯಿತು ಎಂದು ಬರೆಯಬೇಕೆನಿಸಿದೆ.

ವಿನೀತನ ವಕೀಲರು ಆ ಫೋಟೋ ಎತ್ತಿ ಹಿಡಿದು, “ಇದರಲ್ಲಿ ಏನಿದೆ? ಬಿದ್ದ ಡಬ್ಬಿ, ಒಬ್ಬ ಹೆಂಗಸಿನ ಬೆನ್ನು,” ಎಂದರು. ಸುಳ್ಳಲ್ಲ. ಆಮೇಲೆ ನನ್ನ ಕಡೆ ತಿರುಗಿ, ನೀವು ಕಣ್ಣಾರೆ ನೋಡಿದಿರಾ ಎಂದು ಮರಾಠಿಯಲ್ಲಿ ಕೇಳಿದರು. ನೋಡಲಿಲ್ಲ ಎಂದೆ. ಅವರ ಮುಖ ಅರಳಿತು. ನ್ಯಾಯಾಧೀಶೆ ನನ್ನನ್ನೇ ನೋಡುತ್ತಿದ್ದರು. ನನ್ನ ಮಾತು ಇನ್ನೂ ಮುಗಿದಿಲ್ಲ ಎಂದು ಅವರಿಗೆ ತಿಳಿದಿತ್ತು ಅನಿಸುತ್ತದೆ.

“ನೋಡಬಾರದೆಂದೇ ತಿರುಗಿ ನಿಂತಿದ್ದೆ, ಸಾಹೇಬರ. ಪ್ರತಿ ಸಲವೂ,” ಎಂದೆ.

ಇದನ್ನು ಹೇಳಿದ ಹಾಗೆಯೇ ಬರೆದುಕೊಳ್ಳಿ ಎಂದು ಅವರು ಟೈಪಿಸ್ಟಿಗೆ ಹೇಳಿದರು. ನನಗೆ ನೀರು ಕುಡಿಯಬೇಕೆನಿಸಿತ್ತು. ಕೇಳಲು ಧೈರ್ಯವಾಗಲಿಲ್ಲ.

ಮನೆಗೆ ಹೋದಾಗ ವಿನೀತ ಏನೂ ಅನ್ನಲಿಲ್ಲ. ಎಂಟು ದಿನ ಏನೂ ಅನ್ನಲಿಲ್ಲ. ಒಂಬತ್ತನೆಯ ದಿನ ನಾನೇ ಚೀಲ ಕಟ್ಟಿದೆ. ನನ್ನ ನಾದಿನಿ ತ್ರಿವೇಣಿ ಗೊತ್ತಲ್ಲ ನಿನಗೆ, ಕಾರ್ಖಾನೆಯ ಕ್ಯಾಂಟೀನಿನಲ್ಲಿದ್ದವಳು. ಕಾರ್ಮಿಕರ ಕಾಲೊನಿಯಲ್ಲಿ ಅವಳದೊಂದು ಕೋಣೆ, ಒಂದು ಅಡುಗೆಮನೆ. “ನನಗೂ ಮಾತಾಡ್ಲಿಕ್ಕೆ ಒಬ್ಬರು ಬೇಕಾಗೇದ ವೈನಿ, ಬಾ,” ಎಂದಳು. ವಿನೀತನೇ ಕಾರಿನಲ್ಲಿ ಬಿಟ್ಟುಹೋದ. ಚೀಲವನ್ನು ಮೂರು ಮಹಡಿ ಹೊತ್ತು ತಂದು ಇಟ್ಟು, “ಮಾತ್ರಿ ಮರಿಬ್ಯಾಡ,” ಎಂದು ಇಳಿದು ಹೋದ. ಅವನು ಕೆಟ್ಟವನೆಂದು ಹೇಳಿ ಮುಗಿಸಿಬಿಡುವುದು ನನ್ನಿಂದ ಆಗುವುದಿಲ್ಲ ಸುರಭಿ. ನಿನ್ನನ್ನು ಹೊಡೆದದ್ದು ಅವನು ಅಲ್ಲ ಎನ್ನುವುದೂ ಆಗುವುದಿಲ್ಲ. ಎರಡನ್ನೂ ಹೊತ್ತುಕೊಂಡು ಇರಬೇಕು.

ಇಲ್ಲಿ ಬೆಳಿಗ್ಗೆ ಪಾಳಿ ಬಿಟ್ಟಾಗ ಸೈಕಲ್ಲಿನವರು, ನಡೆಯುವವರು, ಲೋಕಲ್ ಗಾಡಿಗೆ ಓಡುವವರು ಎಲ್ಲ ಒಟ್ಟಿಗೆ ಬರುತ್ತಾರೆ. ನಿಂತು ತೆಗೆಯುತ್ತೇನೆ. ಎಲ್ಲರದೂ ಕಲಸಿಹೋಗುತ್ತದೆ. ಓಡುವವರನ್ನು ಈ ಕ್ಯಾಮೆರಾ ಹಿಡಿಯುವುದಿಲ್ಲ.

ನರ್ಮದಾ


ಧಾರವಾಡ
೪ ಫೆಬ್ರುವರಿ ೨೦೨೫

ಅತ್ತೆಯವರಿಗೆ,

ಮಧ್ಯಂತರ ಆದೇಶ ಬಂದದ್ದು ನಿಮಗೆ ತಿಳಿದಿರಬಹುದು. ಶರ್ವರಿ ನನ್ನ ಬಳಿಯೇ ಇರುತ್ತಾಳೆ. ಪ್ರತಿ ತಿಂಗಳು ಮೊದಲ ಶನಿವಾರ ನ್ಯಾಯಾಲಯದ ಮಕ್ಕಳ ಕೋಣೆಯಲ್ಲಿ ಅಪ್ಪ ಎರಡು ತಾಸು ಭೇಟಿಯಾಗಬಹುದು.

ಮೊನ್ನೆಯ ಶನಿವಾರ ಮೊದಲ ಭೇಟಿ. ಅವರು ಹೊತ್ತಿಗೆ ಮುಂಚೆಯೇ ಬಂದಿದ್ದರು. ಹೊಸ ಬೂಟು ತಂದಿದ್ದರು, ಕಾಲಿಗೆ ಹಿಡಿಯಲಿಲ್ಲ. ಅವರಿಗೆ ಗೊತ್ತಿದ್ದದ್ದು ಹೋದ ವರ್ಷದ ಅಳತೆ. ಶರ್ವರಿ, “ಇರಲಿ ಬಿಡ್ರಿ ಪಪ್ಪಾ, ನನ್ನ ಗೊಂಬಿಗೆ ಬರತಾವ,” ಎಂದಳು. ಅವರು ಬೂಟನ್ನು ಮಡಿಲಲ್ಲಿ ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದರು. ನನಗೆ ಸಂತೋಷವಾಗಲಿಲ್ಲ. ಆಗಬೇಕಿತ್ತೇನೋ.

ನಾವು ಹೊರಗೆ ಬಂದಾಗ ನೀವು ರಸ್ತೆಯಾಚೆ ಬಸ್ ನಿಲ್ದಾಣದಲ್ಲಿ ನಿಂತಿದ್ದಿರಿ. ನಾನು ನೋಡದ ಹಾಗೆ ನಡೆದೆ. ಶರ್ವರಿ ನೋಡಿದಳು. “ಅಜ್ಜಿ ಅಲ್ಲೇ ನಿಂತಾಳ, ಯಾಕ ಬರಾಂಗಿಲ್ಲ?” ಎಂದು ಆಟೋದಲ್ಲಿ, ಗಾಡಿಯಲ್ಲಿ, ಮನೆಗೆ ಬಂದ ಮೇಲೂ ಕೇಳಿದಳು. ಆ ದಿನ ಕಣ್ಣು ತಪ್ಪಿಸಿದವಳು ನಾನು.

ನಿಮ್ಮನ್ನು ನಾನಿನ್ನೂ ಕ್ಷಮಿಸಿಲ್ಲ. ಬಣ್ಣ ಹಚ್ಚಿ ಬರೆಯಲು ಬರುವುದಿಲ್ಲ, ಅದಕ್ಕೇ ಹೀಗೆ ಬರೆದಿದ್ದೇನೆ. ಮುಂದೆ ಆಗುತ್ತದೋ ಇಲ್ಲವೋ, ಆ ಮಾತು ಕೊಡಲಾರೆ.

ಆದರೆ ಮಾರ್ಚ್ ಒಂದನೆಯ ತಾರೀಖು ನಮ್ಮ ಗಾಡಿ ಬೆಳಿಗ್ಗೆ ಐದೂವರೆಗೆ ಪುಣೆ ಸ್ಟೇಷನ್ನಿಗೆ ಬರುತ್ತದೆ. ಆ ಹೊತ್ತಿಗೆ ಶರ್ವರಿ ಗಾಢ ನಿದ್ದೆಯಲ್ಲಿರುತ್ತಾಳೆ, ಎಬ್ಬಿಸಿದರೆ ದಿನವೆಲ್ಲ ಅಳುತ್ತಾಳೆ. ಮೊನ್ನೆ ಅವಳನ್ನೂ ಚೀಲವನ್ನೂ ಹಿಡಿದುಕೊಂಡು ಮೆಟ್ಟಿಲು ಹತ್ತುವಾಗ ಬೀಳುವುದೊಂದು ಬಾಕಿ ಇತ್ತು. ನನ್ನೊಬ್ಬಳಿಂದ ಆಗುವುದಿಲ್ಲ.

ಎಸ್ ನಾಲ್ಕನೆಯ ಡಬ್ಬಿ. ಪ್ಲಾಟ್‌ಫಾರ್ಮಿಗೆ ಬರ್ರಿ. ಈಗ ಭಾಳ ಭಾರ ಆಗ್ಯಾಳ, ನಿಮ್ಮ ಹೆಗಲಿಗೆ ತಡೀತದೋ ಇಲ್ಲೋ ನೋಡಿಕೋರಿ.

ಚೀಲ ನಾನು ಹಿಡಿಯುತ್ತೇನೆ.

ಸುರಭಿ